ಅಪ್ಸರೆಯರೂ ಐವತ್ತು ರೂಪಾಯಿಯೂ

ನಮ್ಮ ಸೀಮೆಯಲ್ಲಿ ವೀರಗಲ್ಲು ಇಲ್ಲದ ಊರು ಕಡಿಮೆ. ಸೊರಬ, ಶಿಕಾರಿಪುರ, ಸಾಗರದ ಕಡೆ ಕೆರೆ ಏರಿಯ ಮೇಲೆ, ಬಸವಣ್ಣನ ಗುಡಿಯ ಹಿಂದೆ, ತೋಟದ ಬೇಲಿಗೆ ಒರಗಿ ನಿಂತಿರುತ್ತವೆ. ಊರು ಸುತ್ತುವಷ್ಟು ಪುರುಸೊತ್ತಿಲ್ಲದವರು ಶಿವಮೊಗ್ಗದ ಶಿವಪ್ಪನಾಯಕನ ಅರಮನೆಯ ಅಂಗಳಕ್ಕೆ ಹೋದರೂ ಸಾಕು, ಸಾಲಾಗಿ ನಿಲ್ಲಿಸಿದ್ದಾರೆ. ಕೆಳಗೆ ಕಾದಾಟ, ನಡುವೆ ಅಪ್ಸರೆಯರು ಎತ್ತಿಕೊಂಡು ಹೋಗುವುದು, ಮೇಲೆ ಲಿಂಗದ ಸನ್ನಿಧಿ. ಇದೆಲ್ಲ ಶಾಲೆಯಲ್ಲಿ ಓದಿದ್ದೇ. ನನ್ನನ್ನು ಬಹಳ ಕಾಲದಿಂದ ಕಾಡುತ್ತಿರುವುದು ಬೇರೆ. ಆ ಕಲ್ಲುಗಳಲ್ಲಿ ಎಲ್ಲರ ಮಾತೂ ಇದೆ, ಸತ್ತವನ ಮಾತೊಂದಿಲ್ಲ. ಅರಸನ ಬಿರುದುಗಳಿವೆ. ಯಾವ ಕಾರಣಕ್ಕೆ ಕಾದಿದ ಎನ್ನುವುದಿದೆ: ತುರುಗೊಳ್ ಎಂದರೆ ದನ ಹೊಡೆದುಕೊಂಡು ಹೋಗುವುದು, ಊರಳಿವು ಎಂದರೆ ಊರು ಹಾಳಾಗುವುದು, ಪೆಣ್ಬುಯ್ಯಲ್ ಎಂದರೆ ಹೆಣ್ಣುಮಕ್ಕಳ ಮೊರೆ. ಅವನ ಮನೆಯವರಿಗೆ ಬಿಟ್ಟ ನೆತ್ತರುಕೊಡಗೆಯ, ಎಂದರೆ ಸತ್ತವನ ನೆತ್ತರಿಗಾಗಿ ಕೊಟ್ಟ ಭೂಮಿಯ, ಲೆಕ್ಕವೂ ಕೆಲವು ಕಡೆ ಇದೆ. ದನ ಹೊಡೆದುಕೊಂಡು ಹೋದರು ಎಂಬ ಕೂಗು ಕೇಳಿ ಕತ್ತಿ ಹಿರಿದು ಓಡುವಾಗ ಆ ಮನುಷ್ಯ ಹೆಂಡತಿಗೆ ಏನು ಹೇಳಿದ, ಅಂದಿನ ಗದ್ದೆ ಕೆಲಸವನ್ನು ಯಾರಿಗೆ ಒಪ್ಪಿಸಿದ, ಅದನ್ನು ಯಾರೂ ಕೆತ್ತಲಿಲ್ಲ.

ಆ ಜಾಗದಲ್ಲಿ ಒಂದು ಶ್ಲೋಕ ಕೂತಿದೆ. ಎಷ್ಟೋ ವೀರಗಲ್ಲುಗಳಲ್ಲಿ ಅದೇ ಶ್ಲೋಕ: ‘ಜಿತೇನ ಲಭ್ಯತೇ ಲಕ್ಷ್ಮೀ ಮೃತೇನಾಪಿ ಸುರಾಂಗನಾ, ಕ್ಷಣವಿಧ್ವಂಸಿನಿ ಕಾಯೇ ಕಾ ಚಿಂತಾ ಮರಣೇ ರಣೇ’. ಗೆದ್ದರೆ ಸಿರಿ, ಸತ್ತರೆ ದೇವಲೋಕದ ಹೆಣ್ಣು. ಕ್ಷಣದಲ್ಲಿ ಅಳಿಯುವ ಈ ಮೈಗೆ ರಣದಲ್ಲಿ ಸಾಯುವ ಚಿಂತೆ ಯಾತಕ್ಕೆ? ಓದಲು ಬಲು ಗಟ್ಟಿಯಾದ ಮಾತು. ಆದರೆ ಅದು ಪ್ರಶ್ನೆಯ ರೂಪದಲ್ಲಿದೆ. ಉತ್ತರ ಬೇಡವೆಂದೇ ಕೇಳಿದ ಪ್ರಶ್ನೆ. ಯುದ್ಧಕ್ಕೆ ಹೋಗಿ ಕಾದಿದವರು ತಮ್ಮ ಕೈಯಾರೆ ಬರೆದದ್ದನ್ನು ಓದುತ್ತ ಹೋದ ಹಾಗೆ ನನಗೆ ಅನ್ನಿಸತೊಡಗಿದ್ದು, ಅವರೆಲ್ಲ ಈ ಪ್ರಶ್ನೆಗೆ ಕೂತು ಉತ್ತರ ಬರೆದಿದ್ದಾರೆ ಎಂದು. ಯಾತಕ್ಕೆ ಚಿಂತೆ ಎಂದರೆ, ಇದಿದಕ್ಕೆ ಎಂದು ಒಂದೊಂದಾಗಿ ಹೇಳಿದ್ದಾರೆ.

ಹೊರೇಸನ ಗುರಾಣಿ

ವಿಲ್ಫ್ರೆಡ್ ಓವೆನ್ ಎಂಬ ಇಂಗ್ಲಿಷ್ ಕವಿಯನ್ನು ಇಂಗ್ಲಿಷ್ ಎಂ.ಎ. ಮಾಡಿದವರು ಓದಿಯೇ ಇರುತ್ತಾರೆ. ಮೊದಲ ಮಹಾಯುದ್ಧದಲ್ಲಿ ವಿಷದ ಗಾಳಿ ಕುಡಿದು, ಶ್ವಾಸಕೋಶ ನೊರೆಯಾಗಿ ಸಾಯುತ್ತಿರುವ ಒಬ್ಬ ಹುಡುಗನನ್ನು ಗಾಡಿಗೆ ಎಸೆದು ಅದರ ಹಿಂದೆ ನಡೆಯುವ ಪದ್ಯ ಅವನದು. ತಾಯ್ನಾಡಿಗಾಗಿ ಸಾಯುವುದು ಸಿಹಿ ಎಂಬ ಲ್ಯಾಟಿನ್ ಸಾಲನ್ನು ಹಳೆಯ ಸುಳ್ಳು ಎಂದು ಕರೆದು ಆ ಪದ್ಯ ಮುಗಿಯುತ್ತದೆ. ಆ ಸಾಲು ರೋಮಿನ ಕವಿ ಹೊರೇಸನದು. ನಮ್ಮ ವೀರಗಲ್ಲಿನ ಶ್ಲೋಕ ಮಾಡುವ ಕೆಲಸವನ್ನೇ ಅವರ ಶಾಲೆಗಳಲ್ಲಿ ಆ ಸಾಲು ಮಾಡುತ್ತಿತ್ತು. ಆದರೆ ಹೊರೇಸ್ ಸ್ವತಃ ಕ್ರಿ.ಪೂ. 42ರ ಫಿಲಿಪ್ಪಿ ಯುದ್ಧದಲ್ಲಿ ಬ್ರೂಟಸನ ಕಡೆಯ ಸೈನಿಕನಾಗಿದ್ದವನು, ಸೋಲಿನ ಗದ್ದಲದಲ್ಲಿ ಗುರಾಣಿ ಬಿಟ್ಟು ಓಡಿದವನು. ಇದನ್ನು ಅವನೇ ಇನ್ನೊಂದು ಪದ್ಯದಲ್ಲಿ ಹಳೆಯ ಗೆಳೆಯನಿಗೆ ಹೇಳಿಕೊಂಡಿದ್ದಾನೆ. ಸಾಯುವುದು ಸಿಹಿ ಎಂದವನೂ ಅವನೇ, ಗುರಾಣಿ ಬಿಸುಟು ಬದುಕಿ ಬಂದವನೂ ಅವನೇ. ಇದನ್ನು ಓದಿದ ಮೇಲೆ ಹೊರೇಸನ ಬಗ್ಗೆ ನನಗೆ ಪ್ರೀತಿ ಹೆಚ್ಚಾಯಿತು. ಶಾಲೆಯ ಗೋಡೆಗಳ ಮೇಲೆ ಮೊದಲನೆಯ ಸಾಲನ್ನು ಮಾತ್ರ ಕೆತ್ತಿದರಲ್ಲ ಎಂದು ಬೇಸರವೂ ಆಯಿತು.

ಓವೆನ್ನನ ಪದ್ಯಗಳಿಗಿಂತ ನನ್ನನ್ನು ಹೆಚ್ಚು ಹಿಡಿದದ್ದು ಅವನು ತಾಯಿಗೆ ಬರೆದ ಕಾಗದಗಳು. ಆ ಯುದ್ಧದಲ್ಲಿ ಬ್ರಿಟಿಷ್ ಸೈನಿಕರಿಗೆ ಅಚ್ಚು ಹಾಕಿದ ಕಾರ್ಡುಗಳನ್ನು ಕೊಡುತ್ತಿದ್ದರು. ‘ನಾನು ಚೆನ್ನಾಗಿದ್ದೇನೆ’, ‘ಆಸ್ಪತ್ರೆಗೆ ಸೇರಿದ್ದೇನೆ’, ‘ನಿಮ್ಮ ಕಾಗದ ತಲುಪಿತು’ ಎಂದೆಲ್ಲ ಮೊದಲೇ ಮುದ್ರಿಸಿರುತ್ತಿತ್ತು. ಬೇಡದ ಸಾಲನ್ನು ಹೊಡೆದುಹಾಕಿ ರುಜು ಮಾಡಬೇಕು. ತಮ್ಮದೊಂದು ಮಾತು ಸೇರಿಸಿದರೆ ಕಾರ್ಡನ್ನೇ ಹರಿದು ಹಾಕುತ್ತಾರೆ. ಓವೆನ್ ತಾಯಿಯ ಜೊತೆ ಒಂದು ಒಪ್ಪಂದ ಮಾಡಿಕೊಂಡಿದ್ದ: ‘ನನ್ನನ್ನು ಹಿಂದಿನ ನೆಲೆಗೆ ಕಳಿಸುತ್ತಿದ್ದಾರೆ’ ಎಂಬ ಸಾಲಿಗೆ ಜೋಡಿ ಗೆರೆ ಎಳೆದಿದ್ದರೆ ತಾನು ಮುಂಚೂಣಿಯಲ್ಲಿ ಇದ್ದೇನೆ ಎಂದು ಅರ್ಥ. ಒಂದು ಗೆರೆಯ ಪಕ್ಕ ಇನ್ನೊಂದು ಗೆರೆ. ಅಷ್ಟರಲ್ಲಿ ತಾಯಿಗೆ ವಿಷಯ ಮುಟ್ಟಬೇಕು.

ಅವನ ಕೊನೆಯ ಕಾಗದ 1918ರ ಅಕ್ಟೋಬರ್ 31ರದು. ಹೊಗೆ ತುಂಬಿದ ಒಂದು ನೆಲಮಾಳಿಗೆಯಲ್ಲಿ ಸಂಗಡಿಗರ ನಡುವೆ ಇಕ್ಕಟ್ಟಾಗಿ ಕೂತು ಬರೆದದ್ದು. ಒಬ್ಬ ಹಸಿ ಸೌದೆಯನ್ನು ಒಲೆಗೆ ಒಟ್ಟುತ್ತಿದ್ದಾನೆ, ಇನ್ನೊಬ್ಬ ಆಲೂಗಡ್ಡೆ ಸುಲಿಯುತ್ತಿದ್ದಾನೆ, ಹೊಗೆಗೂ ನಗುವಿಗೂ ಕಣ್ಣು ಕಾಣುತ್ತಿಲ್ಲ, ನನ್ನ ಸುತ್ತ ಇರುವಂಥ ಒಳ್ಳೆಯ ಗೆಳೆಯರ ಗುಂಪು ನಿನ್ನನ್ನು ನೋಡಲು ಎಂದೂ ಬಂದಿರಲಾರದು ಅಮ್ಮ ಎಂಬ ಧಾಟಿಯಲ್ಲಿ ಅದು ಮುಗಿಯುತ್ತದೆ. ನವೆಂಬರ್ 4ರಂದು ಕಾಲುವೆಯೊಂದನ್ನು ದಾಟಿಸುವ ಕಾದಾಟದಲ್ಲಿ ಅವನು ಸತ್ತ, 25 ವರ್ಷ. ಯುದ್ಧ ಮುಗಿದ 11ನೇ ತಾರೀಕು ಊರಿನ ಗಂಟೆಗಳು ಹೊಡೆಯುತ್ತಿದ್ದಾಗ ತಂತಿ ಮನೆಗೆ ಬಂತು. ಆ ತಾಯಿ 1920ರಲ್ಲಿ ರವೀಂದ್ರನಾಥ ಠಾಕೂರರಿಗೆ ಒಂದು ಕಾಗದ ಬರೆದಳು. ಮಗ ಕಡೆಯ ಸಲ ಹೊರಟಾಗ ನಿಮ್ಮ ಕೆಲವು ಸಾಲುಗಳನ್ನು (ಅವು ‘ಗೀತಾಂಜಲಿ’ಯವು) ನನಗೆ ಹೇಳಿ ಹೋದ, ಅವನ ಕಿಸೆಪುಸ್ತಕದಲ್ಲೂ ಅವನ್ನು ಬರೆದುಕೊಂಡಿದ್ದ, ಅದು ಯಾವ ಪುಸ್ತಕದ್ದು ತಿಳಿಸುತ್ತೀರಾ ಎಂದು ಕೇಳಿದಳು. ಬೆಂಕಿಗೆ ಹಸಿ ಸೌದೆ, ಆಲೂಗಡ್ಡೆ, ಠಾಕೂರರ ಒಂದು ಸಾಲು. ಸಾವಿಗೆ ನಾಲ್ಕು ದಿನ ಇರುವಾಗ ಒಬ್ಬ ದೊಡ್ಡ ಕವಿಯ ಕೈಯಲ್ಲಿ ಇದ್ದದ್ದು ಇಷ್ಟು.

ಇಟಲಿಯ ಸೈನಿಕ-ಕವಿ ಉಂಗಾರೆಟ್ಟಿಯದೂ ಇಂಥದೇ. 1915ರ ಡಿಸೆಂಬರಿನಲ್ಲಿ, ಸತ್ತು ಬಿದ್ದ ಜೊತೆಗಾರನ ಪಕ್ಕ ಇಡೀ ರಾತ್ರಿ ಕಂದಕದಲ್ಲಿ ಬಿದ್ದಿದ್ದಾಗ ತಾನು ಪ್ರೀತಿ ತುಂಬಿದ ಕಾಗದಗಳನ್ನು ಬರೆದೆ ಎನ್ನುತ್ತಾನೆ. ಬದುಕಿಗೆ ಅಷ್ಟು ಗಟ್ಟಿಯಾಗಿ ಅಂಟಿಕೊಂಡದ್ದು ಇನ್ನು ಯಾವಾಗಲೂ ಇಲ್ಲ ಎನ್ನುತ್ತಾನೆ. ಐಸಾಕ್ ರೋಸೆನ್‌ಬರ್ಗ್ ಲಂಡನ್ನಿನ ಬಡ ಯಹೂದಿ ಮನೆಯ ಹುಡುಗ. ಯುದ್ಧ ಎಂದರೆ ಆಗದವನು ಸೈನ್ಯ ಸೇರಿದ್ದು ಸಂಬಳದಲ್ಲಿ ಒಂದು ಪಾಲು ತಾಯಿಗೆ ಸಿಗುತ್ತದೆ ಎಂದು. ಎರಡು ಸೈನ್ಯಗಳ ನಡುವೆ ಯಾವ ಅಂಜಿಕೆಯೂ ಇಲ್ಲದೆ ಓಡಾಡುವ ಇಲಿಯ ಮೇಲೆ ಅವನು ಬರೆದ ಪದ್ಯ ಆ ಕಾಲದ ಅತ್ಯುತ್ತಮ ಪದ್ಯಗಳಲ್ಲಿ ಒಂದು ಎಂದು ನನ್ನ ಅಭಿಪ್ರಾಯ. 1918ರ ಏಪ್ರಿಲ್ 1ರಂದು ಅವನೂ ಹೋದ.

ಅಟ್ಟದ ಮೇಲಿನ ಟ್ರಂಕು

ನಮ್ಮ ದೊಡ್ಡಪ್ಪ ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್ ಸೇರಿದ್ದವರು. 1971ರ ಡಿಸೆಂಬರಿನಲ್ಲಿ ಪಶ್ಚಿಮದ ಗಡಿಯಲ್ಲಿ ಮೈನು ತೆಗೆಯುವ ಕೆಲಸದಲ್ಲಿದ್ದರು ಎಂಬುದು ಮನೆಯವರಿಗೆಲ್ಲ ಗೊತ್ತಿತ್ತು. ಅದರಾಚೆ ಅವರು ಬಾಯಿ ಬಿಟ್ಟದ್ದಿಲ್ಲ. ನಿವೃತ್ತರಾಗಿ ಬಂದು ಹೊಸನಗರದ ಕಡೆಯ ತಮ್ಮ ಅಡಿಕೆ ತೋಟದಲ್ಲೇ ಉಳಿದ ಜೀವನ ಕಳೆದರು. ಅವರು ತೀರಿಕೊಂಡ ಮೇಲೆ ಒಂದು ಆಷಾಢದಲ್ಲಿ ನಾನು ಅಲ್ಲಿಗೆ ಹೋಗಿದ್ದೆ. ನಮ್ಮ ಕಡೆಯ ಆಷಾಢ ಗೊತ್ತಲ್ಲ, ಬೆಳಿಗ್ಗೆ ಹೋದ ಕರೆಂಟು ಯಾವಾಗ ಬರುತ್ತದೋ ಹೇಳುವಂತಿಲ್ಲ, ಗೋಡೆಯೆಲ್ಲ ತಣ್ಣಗೆ ಬೆವರುತ್ತಿರುತ್ತದೆ. ಅಡುಗೆಮನೆಯ ಒಲೆಯ ಮೇಲಿನ ಅಟ್ಟದಿಂದ ದೊಡ್ಡಮ್ಮ ಒಂದು ಕಬ್ಬಿಣದ ಟ್ರಂಕನ್ನು ಇಳಿಸಲು ಹೇಳಿದರು. ಹೊಗೆ ತಾಗುತ್ತ ಇದ್ದರೆ ಗೆದ್ದಲೂ ಬರುವುದಿಲ್ಲ, ಬೂಷ್ಟೂ ಹಿಡಿಯುವುದಿಲ್ಲ ಎಂದು ಅಲ್ಲಿಟ್ಟಿದ್ದಂತೆ. ಒಳಗೆ ರವಿಕೆ ಬಟ್ಟೆಯ ಪಟ್ಟಿಯಿಂದ ಕಟ್ಟಿದ ನೀಲಿ ಇನ್‌ಲ್ಯಾಂಡ್ ಕಾಗದಗಳ ಕಟ್ಟು. ಕಳಿಸಿದವರ ವಿಳಾಸದಲ್ಲಿ ಊರ ಹೆಸರಿಲ್ಲ. ನಂಬರು, ರ‍್ಯಾಂಕು, ಕೇರಾಫ್ 56 ಎಪಿಒ, ಎಂದರೆ ಸೈನ್ಯದ ಅಂಚೆ ಕಚೇರಿ.

ಬಹಳ ಆಸೆಯಿಂದ ಬಿಡಿಸಿದೆ. ಎಲ್ಲ ಕಾಗದಗಳೂ ಅಜ್ಜನಿಗೆ ಬರೆದವು. ‘ತೀರ್ಥರೂಪು ಅಪ್ಪಯ್ಯನವರ ಪಾದಗಳಿಗೆ ನಿಮ್ಮ ಮಗ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಉಭಯಕುಶಲೋಪರಿ. ನಾನು ಇಲ್ಲಿ ಕ್ಷೇಮ.’ ಆಮೇಲೆ ಪ್ರಶ್ನೆಗಳು. ಕೊನೆ ಕೊಯ್ಲು ಎಷ್ಟಾಯಿತು, ಅಡಿಕೆ ಸುಲಿಯಲು ಜನ ಸಿಕ್ಕಿದರೇ, ಬೇಯಿಸುವ ಹಂಡೆಯ ತೂತಿಗೆ ಬೆಸುಗೆ ಹಾಕಿಸಿದಿರೇ, ಹೋದ ವರ್ಷದ ಚೊಗರು ಇನ್ನೂ ಇದೆಯೇ, ಕೆಳಗಿನ ತೋಟದ ಬಸಿಗಾಲುವೆ ಹೂಳು ತೆಗೆಸಿದಿರೇ, ತಮ್ಮ ಪರೀಕ್ಷೆಗೆ ಓದುತ್ತಿದ್ದಾನೆಯೇ, ನಿಮ್ಮ ದಮ್ಮು ಹೇಗಿದೆ, ಎಮ್ಮೆ ಹೇಗಿದೆ. ಡಿಸೆಂಬರಿನ ಒಂದು ಕಾಗದವಂತೂ ಮೇಲಿನಿಂದ ಕೆಳಗೆ, ಮಡಚುವ ಅಂಚಿನವರೆಗೂ ಇಂಥವೇ. ಯುದ್ಧದ ಸುದ್ದಿ ಎಂದರೆ ಒಂದೇ ಒಂದು ಸಾಲು, ಅದೂ ಹಾಗೆ ಕಾಣದಂಥದು: ‘ಇಲ್ಲಿನ ನೆಲ ಮೆತ್ತಗಿದೆ, ನಮ್ಮ ಗದ್ದೆ ಇದ್ದ ಹಾಗೆ, ಕೈಯಲ್ಲಿ ನಿಧಾನಕ್ಕೆ ಕೆದಕಿದರೆ ಆಗುತ್ತದೆ.’ ಏನು ಕೆದಕುತ್ತಿದ್ದರು ಎಂದು ಅಜ್ಜನಿಗೆ ತಿಳಿದಿತ್ತೋ ಇಲ್ಲವೋ.

“ನಿಮಗೆ ಅಂತ ಒಂದೂ ಬರೀಲಿಲ್ವಾ ದೊಡ್ಡಮ್ಮ?” ಎಂದು ಕೇಳಿದೆ.

“ಕಾಗ್ದ ಬಂದ್ರೆ ನಿಮ್ಮಪ್ಪ ಜಗಲಿ ಮೇಲೆ ಕೂತು ಎಲ್ರಿಗೂ ಕೇಳೋ ಹಂಗೆ ಓದ್ತಿದ್ದ. ಅದ್ರಲ್ಲಿ ನಂಗೆ ಅಂತ ಎಂತ ಬರೀತಾರೆ? ನಾನು ಬಾಗ್ಲ ಹಿಂದೆ ನಿಂತು ಕೇಳ್ತಿದ್ದೆ” ಅಂದರು. ಸ್ವಲ್ಪ ಹೊತ್ತು ಬಿಟ್ಟು, “ಎಮ್ಮೆ ಹೆಂಗಿದೆ ಅಂತ ಬರ್ದಿದಾರಲ್ಲ, ಅದು ನಂಗೆ. ಆ ಎಮ್ಮೆ ನನ್ನ ತವರಿಂದ ಬಂದಿದ್ದು” ಅಂದರು.

ಡಿಸೆಂಬರಿನ ಆ ತುಂಬಿದ ಕಾಗದವನ್ನು ಅವರ ಕೈಗೆ ಕೊಟ್ಟೆ. ಅದನ್ನು ತಿರುಗಿಸಿ ನೋಡಿ ಹೇಳಿದ್ದನ್ನು ನಾನು ಅಂದೇ ಬರೆದಿಟ್ಟುಕೊಂಡೆ. “ಮಾಮೂಲಿ ದಿನ್ದಲ್ಲಿ ನಾಕು ಸಾಲು ಬರೀತಿದ್ರು. ತೋಟದ್ ಮಾತು ಜಾಸ್ತಿ ಇದ್ರೆ ನಂಗೆ ಹೆದ್ರಿಕೆ ಆಗ್ತಿತ್ತು. ಅಲ್ಲೇನೋ ಆಗ್ತಾ ಇದೆ ಅಂತ.”

ಜೋಡಿ ಗೆರೆಯ ಒಪ್ಪಂದ ಮಾಡಿಕೊಳ್ಳಲು ಓವೆನ್ನನ ತಾಯಿಗೆ ಅಕ್ಷರ ಬರುತ್ತಿತ್ತು, ಮಗನ ಜೊತೆ ಕೂತು ಮಾತಾಡುವ ಸಲುಗೆ ಇತ್ತು. ಇಲ್ಲಿ ಯಾವ ಒಪ್ಪಂದವೂ ಆಗಿರಲಿಲ್ಲ. ಕೂಡುಕುಟುಂಬದ ಜಗಲಿಯಲ್ಲಿ ಹತ್ತು ಜನರ ಕಿವಿಗೆ ಬೀಳುವ ಕಾಗದದಲ್ಲಿ ಒಬ್ಬ ಗಂಡ ಎಮ್ಮೆಯ ಹೆಸರಿನಲ್ಲಿ ಹೆಂಡತಿಯನ್ನು ವಿಚಾರಿಸಿದ, ಅವಳು ಬಾಗಿಲ ಹಿಂದೆ ನಿಂತು ತನ್ನ ಪಾಲನ್ನು ತೆಗೆದುಕೊಂಡಳು. ಸೈನ್ಯದ ಸೆನ್ಸಾರ್ ದಾಟಿ ಬಂದ ಕಾಗದಕ್ಕೆ ಮನೆಯಲ್ಲಿ ಇನ್ನೊಂದು ಸೆನ್ಸಾರ್ ಇತ್ತು. ಎರಡನ್ನೂ ದಾಟಿ ಅರ್ಥ ತಲುಪಿದೆ. ಇದನ್ನು ಸಾಹಿತ್ಯ ಎನ್ನದೆ ಇನ್ನೇನು ಅನ್ನಬೇಕೋ ನನಗೆ ತಿಳಿಯದು. ದೊಡ್ಡಪ್ಪನನ್ನು ಕವಿ ಎಂದು ಹೇಳುತ್ತಿಲ್ಲ. ಓವೆನ್ ಎಡಿನ್‌ಬರೋದ ಆಸ್ಪತ್ರೆಯಲ್ಲಿ ಸಸೂನ್ ಎಂಬ ಹಿರಿಯ ಸೈನಿಕ-ಕವಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದು ಶಬ್ದವನ್ನೂ ಹೊಡೆದು ತಿದ್ದಿದವನು. ಅವನ ಕರಡುಗಳ ಮೇಲೆ ಸಸೂನನ ಕೈಬರಹ ಇಂದಿಗೂ ಇದೆ. ಆ ಶ್ರಮ ಬೇರೆ, ಅದಕ್ಕೆ ಸಲ್ಲಬೇಕಾದ ಗೌರವ ಬೇರೆ. ಆದರೆ ಪದ್ಯಕ್ಕೂ ಈ ಕಾಗದಕ್ಕೂ ಬೇರು ಒಂದೇ ಕಡೆ ಇಳಿದಿದೆ ಎನ್ನುವುದನ್ನು ಮಾತ್ರ ನಾನು ಬಿಟ್ಟುಕೊಡಲಾರೆ.

ಕಾಳುಮೆಣಸು

ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿಗೆ ಹೋದ ಹಿಂದೂಸ್ತಾನದ ಸಿಪಾಯಿಗಳ ಕಾಗದಗಳನ್ನು ಬ್ರಿಟಿಷ್ ಸರ್ಕಾರದ ಸೆನ್ಸಾರ್ ಕಚೇರಿ ಓದಿ, ಕೆಲವನ್ನು ಇಂಗ್ಲಿಷಿಗೆ ಇಳಿಸಿ ಇಟ್ಟುಕೊಂಡಿತ್ತು. ಮೂಲ ಕಾಗದಗಳು ಬಹುಪಾಲು ಹೋಗಿವೆ, ಸೆನ್ಸಾರಿನ ತರ್ಜುಮೆಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಉಳಿದಿವೆ. ಬರೆಯಲು ಬಾರದ ಎಷ್ಟೋ ಸಿಪಾಯಿಗಳು ಇನ್ನೊಬ್ಬರ ಕೈಯಲ್ಲಿ ಬರೆಸಿದ್ದರು. ಅದರಲ್ಲಿ ಕಾಳುಮೆಣಸಿನ ಮಾತು ಬರುತ್ತದೆ. ಕಾಳುಮೆಣಸು ತೀರುತ್ತ ಬಂದಿದೆ, ಈಗ ಕೆಂಪು ಮೆಣಸನ್ನು ಬಳಸುತ್ತಿದ್ದಾರೆ ಎಂಬ ಅರ್ಥದ ಸಾಲುಗಳು. ಕಾಳುಮೆಣಸು ಎಂದರೆ ನಮ್ಮವರು, ಕೆಂಪು ಮೆಣಸು ಎಂದರೆ ಬಿಳಿಯರು. ಅಡಿಕೆ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿಸಿ ಬೆಳೆದ ನಾಡಿನವರಿಗೆ ಈ ಮಾತು ಓದುವಾಗ ಆಗುವ ಸಂಕಟವೇ ಬೇರೆ. ಕೊಯ್ದು, ತುಳಿದು, ಒಣಗಿಸಿ ಚೀಲಕ್ಕೆ ತುಂಬುವುದನ್ನು ನಾವು ಕಣ್ಣಾರೆ ಕಂಡಿದ್ದೇವೆ.

ಕನ್ನಡದಲ್ಲಿ ಕಾದಿದವರ ಬರಹ ಎಲ್ಲಿದೆ ಎಂದು ಹುಡುಕಿದರೆ ಸಿಗುವುದು ತೀರ ಹಿಂದೆ. ಹಲ್ಮಿಡಿ ಶಾಸನವೇ ಯುದ್ಧದಲ್ಲಿ ಕಾದಿದ ವಿಜ ಅರಸನಿಗೆ ಕೊಟ್ಟ ಬಾಳ್ಗಳ್ಚಿನ, ಎಂದರೆ ಕತ್ತಿ ತೊಳೆದ ಗೌರವದ, ದಾಖಲೆ. ಗಂಗರ ದಂಡನಾಯಕ ಚಾವುಂಡರಾಯ 978ರಲ್ಲಿ ಮುಗಿಸಿದ ಪುರಾಣ ನಮ್ಮ ಹಳೆಯ ಗದ್ಯಗ್ರಂಥಗಳಲ್ಲಿ ಒಂದು. ಅಷ್ಟೊಂದು ರಣಗಳನ್ನು ಕಂಡವನು ಬರೆಯಲು ಕೂತಾಗ ಆರಿಸಿಕೊಂಡದ್ದು ತೀರ್ಥಂಕರರ ಕಥೆ. ಪಂಪ ಕವಿಯೂ ಹೌದು ಕಲಿಯೂ ಹೌದು ಎಂದು ನಮ್ಮ ಸಾಹಿತ್ಯ ಚರಿತ್ರೆಗಳು ಹೇಳುತ್ತವೆ. ಅವನ ಯುದ್ಧವರ್ಣನೆಗಳನ್ನು ಎಷ್ಟು ಜನ ಬಾಯಿಪಾಠ ಹೇಳುತ್ತಾರೋ ಕಾಣೆ, ‘ಆರಂಕುಶಮಿಟ್ಟೊಡಂ ನೆನೆವುದೆನ್ನ ಮನಂ ಬನವಾಸಿದೇಶಮಂ’ ಎಂಬ ಸಾಲು ಬಾರದ ಕನ್ನಡಿಗರಿಲ್ಲ. ಬನವಾಸಿ ನಮ್ಮ ಸೊರಬದ ಮಗ್ಗುಲಿನಲ್ಲೇ ಇದೆ. ತೆಂಕಣ ಗಾಳಿ, ಬಿರಿದ ಮಲ್ಲಿಗೆ, ಕಿವಿಗೆ ಬಿದ್ದ ಹಾಡು. ಆ ಪದ್ಯವನ್ನು ಕನ್ನಡಾಭಿಮಾನದ ವೇದಿಕೆಗಳಲ್ಲಿ ಕೇಳಿ ಕೇಳಿ ನಮಗೆ ಅದರ ಮೂಲ ನೋವು ಮರೆತಿದೆ. ದೂರದಲ್ಲಿರುವ, ಕತ್ತಿ ಹಿಡಿದು ಬಲ್ಲ ಮನುಷ್ಯನೊಬ್ಬ ಒಂದು ಊರಿನ ಗಾಳಿಯನ್ನು ನೆನೆಯುತ್ತಿದ್ದಾನೆ ಎಂದುಕೊಂಡು ಒಮ್ಮೆ ಓದಿ ನೋಡಿ.

ಅಲ್ಲಿಂದೀಚೆಗೆ, ವಿಶೇಷವಾಗಿ ಈ ನೂರು ವರ್ಷದಲ್ಲಿ, ಕನ್ನಡದ ಹುಡುಗರು ಎಲ್ಲೆಲ್ಲೋ ಕಾದಿದ್ದಾರೆ. 1918ರ ಸೆಪ್ಟೆಂಬರ್ 23ರಂದು ಈಗ ಇಸ್ರೇಲಿನಲ್ಲಿರುವ ಹೈಫಾ ಪಟ್ಟಣವನ್ನು ಹಿಡಿದವರಲ್ಲಿ ಜೋಧಪುರದವರ ಜೊತೆ ಮೈಸೂರು ಲ್ಯಾನ್ಸರ್ಸ್ ಕುದುರೆ ಸವಾರರಿದ್ದರು. ದೆಹಲಿಯ ತೀನ್ ಮೂರ್ತಿಯಲ್ಲಿ ಮೈಸೂರಿನ ಸೈನಿಕನ ಪ್ರತಿಮೆಯೂ ಇದೆ. ಅವರ ವಿಗ್ರಹ ಇದೆ, ಮಾತಿಲ್ಲ. ಮತ್ತೆ ವೀರಗಲ್ಲಿನ ಕಥೆಯೇ. ಇದಕ್ಕೆ ನನಗೆ ತೋಚುವ ಒಂದು ಕಾರಣ, ನಮ್ಮ ಸೈನಿಕರು ಬ್ಯಾರಕ್ಕಿನಲ್ಲಿ ಬದುಕುವುದು ಹಿಂದಿಯಲ್ಲಿ. ಆಜ್ಞೆ, ಹಾಸ್ಯ, ಬೈಗುಳ, ಹಾಡು ಎಲ್ಲ ಅದರಲ್ಲೇ. ಕನ್ನಡ ಅವರಿಗೆ ಮನೆಗೆ ಬರೆಯುವಾಗಿನ ಭಾಷೆ. ಹಾಗಾಗಿ ಕನ್ನಡದಲ್ಲಿ ಯುದ್ಧರಂಗದ ಸಾಹಿತ್ಯ ಎಂಬುದೊಂದು ಇದ್ದರೆ ಅದು ಇನ್‌ಲ್ಯಾಂಡ್ ಕಾಗದಗಳಲ್ಲಿದೆ, ಅಟ್ಟದ ಟ್ರಂಕುಗಳಲ್ಲಿದೆ. ಶಿವಮೊಗ್ಗ ಜಿಲ್ಲೆಯ ಕಲ್ಲುಗಳನ್ನು ಶಾಸನತಜ್ಞ ಬಿ.ಎಲ್. ರೈಸ್ ಊರೂರು ಹುಡುಕಿಸಿ, ನಕಲು ತೆಗೆಸಿ, 1902 ಮತ್ತು 1904ರಲ್ಲಿ ಎರಡು ದಪ್ಪ ಸಂಪುಟಗಳಲ್ಲಿ ಅಚ್ಚು ಹಾಕಿಸಿದ. ಸಾವಿರ ವರ್ಷ ಮಳೆಯಲ್ಲಿ ನಿಂತ ಕಲ್ಲಿಗೇ ಅಷ್ಟು ಆತುರ ಬೇಕಾಯಿತು. ಕಾಗದಕ್ಕೆ ನಮ್ಮ ಮಲೆನಾಡಿನ ನಾಲ್ಕು ಮಳೆಗಾಲ ಸಾಕು.

ಒಂದೇ ಹಾಳೆಯಲ್ಲಿ ಎರಡೂ

ಇಷ್ಟೆಲ್ಲ ಯೋಚಿಸುತ್ತ ಕಲ್ಲಿನ ಶ್ಲೋಕ ಒಂದು ಕಡೆ, ಸೈನಿಕನ ಕಾಗದ ಇನ್ನೊಂದು ಕಡೆ ಎಂದು ಗೆರೆ ಎಳೆದುಕೊಂಡಿದ್ದೆ. ಆ ಗೆರೆಯನ್ನು ಅಳಿಸಿದ್ದು ಕ್ಯಾಪ್ಟನ್ ವಿಜಯಂತ್ ಥಾಪರ್ ಕಾಗದ. ಕಾರ್ಗಿಲ್ ಯುದ್ಧದಲ್ಲಿ ದ್ರಾಸ್ ಬಳಿಯ ಗುಡ್ಡವೊಂದನ್ನು ಹಿಡಿಯಲು ಹೊರಡುವ ಮುಂಚೆ ಮನೆಯವರಿಗೆಂದು ಬರೆದಿಟ್ಟದ್ದು. 1999ರ ಜೂನ್ 29ರಂದು ಅವರು ತೀರಿಕೊಂಡರು, 22 ವರ್ಷ. ಈ ಕಾಗದ ನಿಮಗೆ ಸಿಗುವ ಹೊತ್ತಿಗೆ ನಾನು ಆಕಾಶದಿಂದ ನಿಮ್ಮನ್ನೆಲ್ಲ ನೋಡುತ್ತ, ಅಪ್ಸರೆಯರ ಆತಿಥ್ಯ ಸವಿಯುತ್ತ ಇರುತ್ತೇನೆ ಎಂದು ಅದು ಶುರುವಾಗುತ್ತದೆ.

ಅಪ್ಸರೆಯರು! ಬಳ್ಳಿಗಾವಿಯ ಕಲ್ಲಿನ ನಡುವಣ ಪಟ್ಟಿಕೆಯಿಂದ ನೇರ ಇಳಿದು ಬಂದ ಹಾಗೆ. ಮೊದಲ ಸಲ ಓದಿದಾಗ ನನಗೆ ಮೈ ಝುಮ್ಮೆಂದಿತು. ನನಗೆ ಯಾವ ಪಶ್ಚಾತ್ತಾಪವೂ ಇಲ್ಲ, ಮತ್ತೆ ಮನುಷ್ಯನಾಗಿ ಹುಟ್ಟಿದರೂ ಸೈನ್ಯವನ್ನೇ ಸೇರುತ್ತೇನೆ ಎನ್ನುತ್ತಾರೆ. ಶ್ಲೋಕ ಹೇಳುವುದನ್ನೆಲ್ಲ ಅವರು ನಂಬಿದ್ದರು. ಮನಸ್ಸಾರೆ ನಂಬಿದ್ದರು. ಆದರೆ ಅದೇ ಹಾಳೆಯಲ್ಲಿ ಕೆಳಗೆ ಬಂದರೆ, ನನ್ನ ದೇಹದ ಯಾವ ಅಂಗ ತೆಗೆಯಲು ಬರುತ್ತದೋ ತೆಗೆದುಕೊಳ್ಳಲಿ ಎಂದಿದೆ. ಅನಾಥಾಶ್ರಮಕ್ಕೆ ಸ್ವಲ್ಪ ಹಣ ಕೊಡಿ ಎಂದಿದೆ. ಕಾಶ್ಮೀರದಲ್ಲಿ ತಾವು ಕಂಡ ಒಬ್ಬ ಪುಟ್ಟ ಹುಡುಗಿಯ ಹೆಸರು ಬರೆದು, ಅವಳಿಗೆ ತಿಂಗಳಿಗೆ 50 ರೂಪಾಯಿ ಕೊಡುತ್ತ ಇರಿ ಎಂದಿದೆ.

ರಣದಲ್ಲಿ ಸಾಯಲು ಚಿಂತೆ ಯಾತಕ್ಕೆ ಎಂದು ಶ್ಲೋಕ ಕೇಳಿತ್ತಲ್ಲ. ತನ್ನ ಸಾವಿನ ಚಿಂತೆ ಈ ಹುಡುಗನಿಗೂ ಇರಲಿಲ್ಲ, ಅಪ್ಸರೆಯರನ್ನು ನೆನೆದು ಅಪ್ಪ ಅಮ್ಮನನ್ನು ನಗಿಸಲು ನೋಡಿದ. ಚಿಂತೆ ಇದ್ದದ್ದು 50 ರೂಪಾಯಿಯದು. ತಾನು ಹೋದ ಮೇಲೆ ಆ ಮಗುವಿಗೆ ತಿಂಗಳ ದುಡ್ಡು ನಿಂತುಹೋದೀತಲ್ಲ ಎನ್ನುವುದು. ಕೊಯ್ಲಾದ ಅಡಿಕೆ ಬೇಯಿಸಲು ಹಂಡೆ ಸರಿಯಾಗಿದೆಯೋ ಇಲ್ಲವೋ ಎನ್ನುವುದು. ಸಾವಿರ ವರ್ಷದ ಹಿಂದೆ ಸೊರಬದ ಯಾವುದೋ ಊರಲ್ಲಿ ದನ ಬಿಡಿಸಲು ಓಡಿದವನಿಗೂ ಇಂಥದೊಂದು ಇದ್ದೇ ಇತ್ತು ಎಂದು ಈಗ ನನಗೆ ಖಾತರಿಯಾಗಿದೆ. ಅವನ ಕಲ್ಲಿನ ಮುಂದೆ ನಿಂತಾಗ ಅವನನ್ನು ಈಗ ಬೇರೆ ರೀತಿ ನೋಡುತ್ತೇನೆ.

ದೊಡ್ಡಪ್ಪನ ಕಾಗದಗಳನ್ನು ದೊಡ್ಡಮ್ಮನ ಒಪ್ಪಿಗೆ ಪಡೆದು ನಕಲು ಮಾಡುತ್ತಿದ್ದೇನೆ. ಪುಸ್ತಕ ಮಾಡುವ ಗೆಳೆಯರೊಬ್ಬರು, ತೋಟದ ಮಾತೆಲ್ಲ ತೆಗೆದು ಯುದ್ಧಕ್ಕೆ ಸಂಬಂಧಪಟ್ಟದ್ದನ್ನಷ್ಟೇ ಇಟ್ಟರೆ ಓದುಗರಿಗೆ ಹಿಡಿಸುತ್ತದೆ ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ನಾನು ಒಪ್ಪಲಿಲ್ಲ. ಹಂಡೆಯನ್ನೂ ಬಸಿಗಾಲುವೆಯನ್ನೂ ತೆಗೆದರೆ ಆ ಡಿಸೆಂಬರಿನಲ್ಲಿ ಅವರಿಗೆ ಎಷ್ಟು ಭಯವಾಗಿತ್ತು ಎಂಬುದೇ ಹೋಗುತ್ತದೆ. ಅಡಿಕೆ ಧಾರಣೆ ವಿಚಾರಿಸಿದ ಸಾಲನ್ನೂ ಬಿಡದೆ ಬರೆದುಕೊಳ್ಳುತ್ತಿದ್ದೇನೆ. ಒಂದು ಕಾಗದವನ್ನು ಮಾತ್ರ ದೊಡ್ಡಮ್ಮ ಕಟ್ಟಿನಿಂದ ತೆಗೆದು ಒಳಗಿಟ್ಟುಕೊಂಡಿದ್ದಾರೆ. ಅದನ್ನು ಕೇಳುವುದಿಲ್ಲ.

ನಿಮ್ಮ ಮನೆಯ ಅಟ್ಟದಲ್ಲೂ ಎಪಿಒ ಮುದ್ರೆಯ ಕಾಗದಗಳಿದ್ದರೆ ಮಳೆ ಹಿಡಿಯುವ ಮುಂಚೆ ಇಳಿಸಿ ನೋಡಿ. ಇನ್‌ಲ್ಯಾಂಡ್ ಮೊದಲು ಹರಿಯುವುದು ಮಡಿಕೆಯಲ್ಲೇ, ಆದ್ದರಿಂದ ಬಿಡಿಸುವಾಗ ಕೈ ನಿಧಾನವಿರಲಿ, ಓದಲು ಕೂರುವ ಮೊದಲೇ ಎರಡೂ ಬದಿಯ ಫೋಟೊ ತೆಗೆದುಕೊಳ್ಳಿ. ಬರೆದವರೋ ಕೇಳಿಸಿಕೊಂಡವರೋ ಬದುಕಿದ್ದರೆ ಅವರ ಪಕ್ಕದಲ್ಲಿ ಕೂತು ಓದಿ. ಎಮ್ಮೆಯ ಮಾತು ಯಾರಿಗೆ ಬರೆದದ್ದು ಎಂದು ಹೇಳಬಲ್ಲವರು ಅವರೇ.